ಒಂದು ಹೊಲಿಗೆ, ನೂರು ವರ್ಷದ ಭಯ

“ಮೊದಲನೇದು ಸಿಸೇರಿಯನ್ ಆಗಿದೆ ಅಲ್ವಾ? ಹಾಗಾದ್ರೆ ಇದೂ ಸಿಸೇರಿಯನ್ನೇ.”

ಈ ಮಾತು ಕೇಳದ ಮನೆ ಕರ್ನಾಟಕದಲ್ಲಿ ಇವತ್ತು ಸಿಗೋದು ಕಷ್ಟ. ಬೆಂಗಳೂರಿನ ಹೈಟೆಕ್ ಆಸ್ಪತ್ರೆಯಲ್ಲೂ ಇದೇ ಮಾತು, ಹಳಿಯಾಳದ ಸಂತೆಗೆ ಬಂದ ಹೆಣ್ಣುಮಗಳ ಬಾಯಲ್ಲೂ ಇದೇ ಮಾತು. ಎರಡನೇ ಸಲ ಬಸುರಿ ಅಂತ ಗೊತ್ತಾದ ದಿನವೇ ತೀರ್ಮಾನ ಆಗಿಬಿಡುತ್ತೆ. ಆಮೇಲೆ ಉಳಿಯೋದು ದಿನ ನೋಡೋದು, ಮುಹೂರ್ತ ನೋಡೋದು, ಬ್ಯಾಗ್ ಕಟ್ಟೋದು. ಯಾಕೆ ಅಂತ ಕೇಳಿದ್ರೆ ಒಂದೇ ಉತ್ತರ: ಹಳೇ ಹೊಲಿಗೆ ಬಿಚ್ಚಿಬಿಡುತ್ತೆ.

ಈ ಉತ್ತರ ಎಲ್ಲಿಂದ ಬಂತು? ಯಾರು ಮೊದಲು ಹೇಳಿದರು? ಯಾವ ಕಾಲದ ಹೊಲಿಗೆ ಬಗ್ಗೆ ಹೇಳಿದರು? ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯಕೀಯ ಅಲ್ಲ. ಆದರೆ ಒಂದು ನಿಯಮ ನೂರು ವರ್ಷದಿಂದ ಚಾಲ್ತಿಯಲ್ಲಿದೆ ಅಂದ್ರೆ ಅದನ್ನು ಬರೆದಾಗ ಇದ್ದ ಯಂತ್ರ ಯಾವುದು, ಈಗಿರೋ ಯಂತ್ರ ಯಾವುದು ಅಂತ ನೋಡೋದು ಇಂಜಿನಿಯರಿಂಗ್ ಓದಿದವರ ಅಭ್ಯಾಸ. ಹಾಗೆ ನೋಡ್ತಾ ಹೋದರೆ ಈ ಕಥೆ ನ್ಯೂಯಾರ್ಕ್‌ನಿಂದ ಶುರುವಾಗಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡುದಾರಿಗೆ ಬಂದು ನಿಲ್ಲುತ್ತೆ. ಅಲ್ಲಿ ಇದು ಬರೀ ಇತಿಹಾಸ ಅಲ್ಲ, ಜೀವದ ಪ್ರಶ್ನೆ.

ಮೊದಲಿಂದ ಶುರು ಮಾಡೋಣ. ಜೂಲಿಯಸ್ ಸೀಸರ್ ತಾಯಿಯ ಹೊಟ್ಟೆ ಸೀಳಿ ಹುಟ್ಟಿದ, ಅದಕ್ಕೇ ಸಿಸೇರಿಯನ್ ಅನ್ನೋ ಹೆಸರು ಬಂತು ಅಂತ ನಾವೆಲ್ಲ ಕ್ವಿಜ್‌ನಲ್ಲಿ ಕಲಿತಿದ್ದೇವೆ. ಆ ಕಥೆ ನಿಲ್ಲಲ್ಲ. ಸೀಸರ್ ದೊಡ್ಡವನಾಗಿ ದಂಡಯಾತ್ರೆಗೆ ಹೋಗುವವರೆಗೂ ಅವನ ತಾಯಿ ಅರೀಲಿಯಾ ಬದುಕಿದ್ದಳು. ಆ ಕಾಲದ ರೋಮ್‌ನಲ್ಲಿ ಹೊಟ್ಟೆ ಕೊಯ್ಯುತ್ತಿದ್ದದ್ದು ತಾಯಿ ಸತ್ತ ಮೇಲೆ ಅಥವಾ ಸಾಯುವ ಸ್ಥಿತಿಯಲ್ಲಿದ್ದಾಗ. ಬದುಕಿರುವ ತಾಯಿಯನ್ನು ಕೊಯ್ದು, ಅವಳನ್ನೂ ಮಗುವನ್ನೂ ಉಳಿಸಿಕೊಳ್ಳೋದು ಸಾವಿರಾರು ವರ್ಷ ಮನುಷ್ಯನಿಗೆ ಹೆಚ್ಚೂಕಡಿಮೆ ಆಗದ ಕೆಲಸವಾಗಿತ್ತು.

ಹೆಚ್ಚೂಕಡಿಮೆ ಅಂದೆ, ಯಾಕಂದ್ರೆ ಒಂದು ಅಚ್ಚರಿ ಇದೆ. 1879ರಲ್ಲಿ ರಾಬರ್ಟ್ ಫೆಲ್ಕಿನ್ ಅನ್ನೋ ಬ್ರಿಟಿಷ್ ವೈದ್ಯ ಇವತ್ತಿನ ಉಗಾಂಡಾದಲ್ಲಿದ್ದ. ಅಲ್ಲಿನ ಒಬ್ಬ ನಾಟಿ ವೈದ್ಯ ಬಾಳೆಹಣ್ಣಿನ ಮದ್ಯ ಕುಡಿಸಿ ನೋವು ಮರೆಸಿ, ಅದೇ ಮದ್ಯದಲ್ಲಿ ಕೈ ಮತ್ತು ಹೊಟ್ಟೆ ತೊಳೆದು, ಕೊಯ್ದು ಮಗು ತೆಗೆದಿದ್ದನ್ನು ಅವನು ಕಣ್ಣಾರೆ ನೋಡಿ ಬರೆದಿಟ್ಟ. ತಾಯಿ, ಮಗು ಇಬ್ಬರೂ ಬದುಕಿದರು. ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳು ಆಗಿನ್ನೂ ಕೈ ತೊಳೆಯೋದನ್ನೇ ಕಲಿಯುತ್ತಿದ್ದ ಕಾಲ ಅದು.

ಯುರೋಪಿನ ತೊಂದರೆ ಏನಿತ್ತು ಗೊತ್ತಾ? ಗರ್ಭಕೋಶವನ್ನು ಕೊಯ್ದ ಮೇಲೆ ಹೊಲಿಯುತ್ತಲೇ ಇರಲಿಲ್ಲ! ಅದು ತಾನಾಗಿ ಮುದುಡಿಕೊಳ್ಳುತ್ತೆ, ಹೊಲಿದರೆ ಕೀವಾಗುತ್ತೆ ಅನ್ನೋ ನಂಬಿಕೆ. ಹೆಂಗಸರು ರಕ್ತಸ್ರಾವದಿಂದ, ನಂಜಿನಿಂದ ಸಾಯುತ್ತಿದ್ದರು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡ್ವಾರ್ಡೊ ಪೊರೊ ಅನ್ನೋ ವೈದ್ಯ ಇದಕ್ಕೆ ಒಂದು ಕ್ರೂರ ಪರಿಹಾರ ಕಂಡುಕೊಂಡ: ಮಗು ತೆಗೆದ ಕೂಡಲೇ ಗರ್ಭಕೋಶವನ್ನೇ ಕತ್ತರಿಸಿ ತೆಗೆದುಬಿಟ್ಟ. ತಾಯಿ ಬದುಕಿದಳು. ಆದರೆ ಮತ್ತೆ ತಾಯಾಗುವ ಮಾತಿಲ್ಲ. ಆರು ವರ್ಷದ ನಂತರ, 1882ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶದ ಗೋಡೆಯನ್ನು ಪದರ ಪದರವಾಗಿ ಹೊಲಿಯುವ ಕ್ರಮ ಹೇಳಿಕೊಟ್ಟ. ಆಮೇಲೆ ಸಿಸೇರಿಯನ್ ಆದ ಹೆಂಗಸರು ಬದುಕತೊಡಗಿದರು, ಮತ್ತೆ ಬಸುರಿಯಾಗತೊಡಗಿದರು. ‘ಮುಂದಿನ ಹೆರಿಗೆ ಹೇಗೆ’ ಅನ್ನೋ ಪ್ರಶ್ನೆ ವೈದ್ಯರ ಮುಂದೆ ಬಂದು ನಿಂತಿದ್ದೇ ಆವಾಗ.

ಆ ಪ್ರಶ್ನೆಗೆ ಉತ್ತರ ಕೊಟ್ಟವನು ಎಡ್ವಿನ್ ಕ್ರೇಗಿನ್. ನ್ಯೂಯಾರ್ಕ್‌ನ ಸ್ಲೋನ್ ಹೆರಿಗೆ ಆಸ್ಪತ್ರೆಯ ವೈದ್ಯ. 1916ರಲ್ಲಿ ಅವನು ಮಂಡಿಸಿದ ಒಂದು ಲೇಖನದಲ್ಲಿ ಬಂದ ಮಾತು ಜಗತ್ತನ್ನೇ ಸುತ್ತಿತು: ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್. ನಮ್ಮೂರಿನ ಓಪಿಡಿಯಲ್ಲಿ ಇವತ್ತು ಕೇಳಿಸೋದು ಈ ಮಾತಿನ ಪ್ರತಿಧ್ವನಿ.

ಈಗ ಸ್ವಲ್ಪ ಗಮನ ಕೊಟ್ಟು ಓದಿ. ಕ್ರೇಗಿನ್ ಆ ಲೇಖನ ಬರೆದಿದ್ದು ಎರಡನೇ ಸಿಸೇರಿಯನ್ ಮಾಡಿಸೋದಕ್ಕಲ್ಲ, ಮೊದಲನೆಯದನ್ನು ತಡೆಯೋದಕ್ಕೆ! ಲೇಖನದ ವಿಷಯವೇ ಹೆರಿಗೆಯಲ್ಲಿ ಸಂಯಮ. ಅವಸರಪಟ್ಟು ಕತ್ತರಿ ಹಿಡಿಯಬೇಡಿ, ಒಂದು ಸಲ ಕೊಯ್ದರೆ ಆ ಹೆಣ್ಣುಮಗಳ ಮುಂದಿನ ಎಲ್ಲ ಹೆರಿಗೆಗೂ ಅದರ ಬೆಲೆ ಕಟ್ಟಬೇಕಾಗುತ್ತೆ ಅನ್ನೋ ಎಚ್ಚರಿಕೆ ಅದು. ಅದೇ ಲೇಖನದಲ್ಲಿ ಅವನು ಅಪವಾದಗಳಿವೆ ಅಂತಲೂ ಹೇಳಿದ್ದ. ಸಿಸೇರಿಯನ್ ಆದ ಮೇಲೆ ಮೂರು ಮಕ್ಕಳನ್ನು ತೊಂದರೆಯಿಲ್ಲದೆ ಹೆತ್ತ ತನ್ನದೇ ರೋಗಿಯ ಉದಾಹರಣೆ ಕೊಟ್ಟಿದ್ದ. ಎಚ್ಚರಿಕೆ ಮರೆತುಹೋಯಿತು, ಅಪವಾದವೂ ಮರೆತುಹೋಯಿತು. ಉಳಿದಿದ್ದು ಒಂದು ಸಾಲು ಮಾತ್ರ.

ಎರಡನೇ ವಿಷಯ ಇನ್ನೂ ಮುಖ್ಯ. ಕ್ರೇಗಿನ್ ಕಾಲದ ಕೊಯ್ತ ಬೇರೆ. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದುದ್ದ ಸೀಳುತ್ತಿದ್ದರು. ಗರ್ಭಕೋಶವನ್ನು ಒಂದು ಯಂತ್ರ ಅಂದುಕೊಳ್ಳಿ. ಮೇಲಿನ ದಪ್ಪ ಭಾಗ ಅದರ ಇಂಜಿನ್. ಬೇನೆ ಬಂದಾಗ ಬಿಗಿಯಾಗಿ ಮಗುವನ್ನು ಕೆಳಕ್ಕೆ ನೂಕೋದು ಆ ಭಾಗ. ಕೆಳಗಿನ ಭಾಗ ತೆಳುವಾಗಿ ಹಿಗ್ಗಿ ದಾರಿ ಬಿಡುತ್ತೆ. ಇಂಜಿನ್ ಮಧ್ಯದಲ್ಲೇ ಬೆಸುಗೆ ಹಾಕಿ, ಆಮೇಲೆ ಪೂರ್ತಿ ಲೋಡ್ ಕೊಟ್ಟರೆ ಏನಾಗುತ್ತೆ? ಬೆಸುಗೆ ಬಿಡೋ ಅಪಾಯ ಜಾಸ್ತಿ. ಉದ್ದುದ್ದ ಕೊಯ್ತದ ಹೊಲಿಗೆ ಹಾಗೇ. ಅದು ಬೇನೆ ಶುರುವಾಗುವ ಮೊದಲೇ ಬಿಡಬಹುದು. ಅದರ ಜೊತೆಗೆ ಆ ಕಾಲದಲ್ಲಿ ಎಷ್ಟೋ ಸಿಸೇರಿಯನ್ ಆಗುತ್ತಿದ್ದದ್ದು ರಿಕೆಟ್ಸ್ ಕಾಯಿಲೆಯಿಂದ ಸೊಂಟದ ಎಲುಬು ಸಂಕುಚಿತವಾದ ಹೆಂಗಸರಿಗೆ. ಎಲುಬು ಮುಂದಿನ ಬಸಿರಿಗೆ ಅಗಲ ಆಗಲ್ಲ. ಹಾಗಾಗಿ ಆ ಕಾಲಕ್ಕೆ ಆ ಮಾತು ಸರಿ ಇತ್ತು.

ಆಮೇಲೆ ಯಂತ್ರ ಬದಲಾಯಿತು. 1920ರ ದಶಕದಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದ ಮುನ್ರೋ ಕೆರ್ ಗರ್ಭಕೋಶದ ಕೆಳಭಾಗದಲ್ಲಿ, ಅಡ್ಡಡ್ಡ ಕೊಯ್ಯುವ ಕ್ರಮವನ್ನು ಪ್ರಚಾರಕ್ಕೆ ತಂದ. ಇಂಜಿನ್ ಮುಟ್ಟಲಿಲ್ಲ, ಹಿಗ್ಗುವ ತೆಳು ಭಾಗದಲ್ಲಿ ಮಾತ್ರ ಹೊಲಿಗೆ. ರಕ್ತ ಕಡಿಮೆ ಹೋಗುತ್ತೆ, ಗಾಯ ಚೆನ್ನಾಗಿ ಮಾಯುತ್ತೆ. ನಿಧಾನವಾಗಿ ಇಡೀ ಜಗತ್ತು ಅದಕ್ಕೆ ಬಂತು. ನಮ್ಮ ಡಿಸ್ಚಾರ್ಜ್ ಕಾರ್ಡ್‌ನಲ್ಲಿ ‘ಎಲ್.ಎಸ್.ಸಿ.ಎಸ್.’ ಅಂತ ನಾಲ್ಕಕ್ಷರ ಬರೆದಿರುತ್ತಾರಲ್ಲ, ಅದರ ಅರ್ಥ ಇದೇ, ಕೆಳಭಾಗದ ಸಿಸೇರಿಯನ್. ಕ್ರೇಗಿನ್ ಮಾತು ಆಡಿದ್ದು ಒಂದು ಹೊಲಿಗೆ ಬಗ್ಗೆ, ನಾವು ಹೆದರುತ್ತಿರೋದು ಇನ್ನೊಂದು ಹೊಲಿಗೆಗೆ.

ಹಾಗಾದ್ರೆ ಈಗಿನ ಹೊಲಿಗೆ ಎಷ್ಟು ಗಟ್ಟಿ? ಅಮೆರಿಕದ 19 ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ 1999ರಿಂದ 2002ರವರೆಗೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹಿಂದೆ ಸಿಸೇರಿಯನ್ ಆಗಿದ್ದ ಸುಮಾರು 18 ಸಾವಿರ ಹೆಂಗಸರು ನಾರ್ಮಲ್ ಹೆರಿಗೆಗೆ ಪ್ರಯತ್ನಪಟ್ಟರು. ನೂರಕ್ಕೆ 73 ಮಂದಿಗೆ ನಾರ್ಮಲ್ ಆಯಿತು. ಹೊಲಿಗೆ ಬಿಟ್ಟಿದ್ದು ನೂರಕ್ಕೆ 0.7, ಅಂದ್ರೆ ಸಾವಿರಕ್ಕೆ ಏಳು. ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಮುಚ್ಚಿಡಬಾರದು: ಪ್ರಯತ್ನಪಟ್ಟವರಲ್ಲಿ 12 ಮಕ್ಕಳಿಗೆ ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟಾಯಿತು, ಮೊದಲೇ ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಒಂದೂ ಇಲ್ಲ. ಅಪಾಯ ಚಿಕ್ಕದು, ಆದರೆ ಬಂದಾಗ ನಿಮಿಷಗಳಲ್ಲಿ ಬರುತ್ತೆ.

ಹಾಗಂತ ಇನ್ನೊಂದು ದಾರಿ ಪುಕ್ಕಟೆ ಅಂದುಕೊಳ್ಳಬೇಡಿ. ಸಿಸೇರಿಯನ್ ಮೇಲೆ ಸಿಸೇರಿಯನ್ ಆಗ್ತಾ ಹೋದ ಹಾಗೆ ಮಾಸು ಹಳೇ ಗಾಯಕ್ಕೆ ಬೇರುಬಿಟ್ಟು ಕೂರುವ ಅಪಾಯ ಏರುತ್ತೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತ ಹೆಂಗಸರನ್ನು ಲೆಕ್ಕ ಹಾಕಿ 2006ರಲ್ಲಿ ಒಂದು ಅಧ್ಯಯನ ಹೇಳಿತು: ಅಂಥವರಲ್ಲಿ ಮಾಸು ಹೀಗೆ ಅಂಟಿಕೊಂಡಿದ್ದು ಮೊದಲ ಸಿಸೇರಿಯನ್‌ನಲ್ಲಿ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40, ನಾಲ್ಕನೆಯದರಲ್ಲಿ 61. ಮಾಸು ಬಿಡದಿದ್ದರೆ ರಕ್ತ ನಿಲ್ಲಲ್ಲ. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತೆ. 1876ರ ಪೊರೊ ಮಾಡಿದ ಕೆಲಸಕ್ಕೇ ವಾಪಸ್!

ಅಂದ್ರೆ ಎರಡೂ ಕಡೆ ಅಪಾಯ ಇದೆ. ತೂಗಿ ನೋಡಬೇಕು. ತೂಗದೆ ಒಂದೇ ಕಡೆ ಓಡಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕವೇ ಪಾಠ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1980ರಲ್ಲಿ ತಜ್ಞರನ್ನು ಕೂರಿಸಿ, ಕೆಳಭಾಗದ ಹೊಲಿಗೆ ಇದ್ದರೆ ನಾರ್ಮಲ್‌ಗೆ ಬಿಡಬಹುದು ಅಂತ ಹೇಳಿಸಿತು. 1996ರ ಹೊತ್ತಿಗೆ ಹಿಂದೆ ಸಿಸೇರಿಯನ್ ಆದವರಲ್ಲಿ ನೂರಕ್ಕೆ 28 ಮಂದಿ ನಾರ್ಮಲ್ ಆಗಿ ಹೆರುತ್ತಿದ್ದರು. ಉತ್ಸಾಹ ಜಾಸ್ತಿಯಾಯಿತು. ಯಾರಿಗೆ ಆಗಬಹುದು, ಯಾರಿಗೆ ಆಗಬಾರದು ಅನ್ನೋ ವಿವೇಚನೆ ಸಡಿಲವಾಯಿತು. ಬೇನೆ ಬರಿಸಲು ಔಷಧಿ ಕೊಡತೊಡಗಿದರು. 2001ರಲ್ಲಿ ವಾಷಿಂಗ್ಟನ್ ರಾಜ್ಯದ 20 ಸಾವಿರ ಹೆಂಗಸರ ದಾಖಲೆ ನೋಡಿದ ಅಧ್ಯಯನ ಬಂತು. ಬೇನೆ ತಾನಾಗಿ ಬಂದವರಲ್ಲಿ ಗರ್ಭಕೋಶ ಬಿರಿದಿದ್ದು ಸಾವಿರಕ್ಕೆ 5.2. ಪ್ರೋಸ್ಟಾಗ್ಲಾಂಡಿನ್ ಅನ್ನೋ ಔಷಧಿಯಿಂದ ಬೇನೆ ಬರಿಸಿದವರಲ್ಲಿ ಸಾವಿರಕ್ಕೆ 24.5. ಸುಮಾರು ಐದು ಪಟ್ಟು!

ಆಮೇಲೆ ಕೇಸು, ಪರಿಹಾರ, ವಿಮೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 1999ರಲ್ಲೇ ನಿಯಮ ಬಿಗಿ ಮಾಡಿತ್ತು: ಹೀಗೆ ಪ್ರಯತ್ನ ಮಾಡಿಸುವಾಗ ತುರ್ತು ಆಪರೇಷನ್ ಮಾಡೋ ತಂಡ ತಕ್ಷಣಕ್ಕೆ ಸಿಗುವಂತಿರಬೇಕು. ಸಣ್ಣ ಊರಿನ ಆಸ್ಪತ್ರೆಗಳು ನಮ್ಮಿಂದ ಆಗಲ್ಲ ಅಂತ ಬಾಗಿಲು ಹಾಕಿಬಿಟ್ಟವು. 2000ದ ದಶಕದ ಮಧ್ಯದಲ್ಲಿ ಆ 28 ಹತ್ತಕ್ಕಿಂತ ಕೆಳಗೆ ಬಿತ್ತು. 2010ರಲ್ಲಿ ಮತ್ತೆ ತಜ್ಞರ ಸಭೆ, ಮತ್ತೆ ಸಡಿಲಿಕೆ. ಹತ್ತು ವರ್ಷದಲ್ಲಿ ಹೆಂಗಸರ ಗರ್ಭಕೋಶ ಬದಲಾಗಿರಲಿಲ್ಲ. ಬದಲಾಗಿದ್ದು ಕಟ್ಟಡದೊಳಗಿನ ವ್ಯವಸ್ಥೆ, ಅದರ ಹೊಣೆ ಯಾರದು ಅನ್ನೋ ಭಯ.

ಇನ್ನು ನಮ್ಮ ಕಡೆ ಬನ್ನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 2015–16ರಲ್ಲಿ ನೂರಕ್ಕೆ 23.6 ಹೆರಿಗೆ ಸಿಸೇರಿಯನ್ ಆಗಿತ್ತು. 2019–21ರಲ್ಲಿ ಅದು 31.5. ಇಡೀ ದೇಶದ ಲೆಕ್ಕ ನೋಡಿದರೆ ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ಪಕ್ಕದ ತೆಲಂಗಾಣದಲ್ಲಿ 60 ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಹೇಳಿದ್ದು, ಯಾವ ಪ್ರದೇಶದಲ್ಲೂ 10ರಿಂದ 15ಕ್ಕಿಂತ ಹೆಚ್ಚು ಇರೋದಕ್ಕೆ ಕಾರಣ ಕಾಣಲ್ಲ ಅಂತ. ಈ ಏರಿಕೆಗೆ ವೈದ್ಯರನ್ನೇ ಬೈದರೆ ಅರ್ಧ ಸತ್ಯ ಆಗುತ್ತೆ. ಇಂಥ ನಕ್ಷತ್ರದಲ್ಲೇ ಹುಟ್ಟಬೇಕು ಅಂತ ಪಟ್ಟು ಹಿಡಿಯೋ ಅತ್ತೆ ಮಾವ ಇದ್ದಾರೆ. ನೋವು ತಡೆಯಲಾರೆ ಅನ್ನೋ ಮಗಳಿದ್ದಾಳೆ. ಹೇಗೂ ಹೊಟ್ಟೆ ಕೊಯ್ತೀರಲ್ಲ, ಮಕ್ಕಳಾಗದ ಆಪರೇಷನ್ನೂ ಮಾಡಿಬಿಡಿ ಅನ್ನೋ ಲೆಕ್ಕಾಚಾರ ಇದೆ. ಒಂದು ಅನಾಹುತ ಆದರೆ ಗಾಜು ಒಡೆಯೋ ಗುಂಪೂ ಇದೆ. ರಾತ್ರಿ ಪೂರ್ತಿ ಕೂತು ಕಾಯೋ ವೈದ್ಯರಿಗಿಂತ ಹಗಲು ಹನ್ನೊಂದಕ್ಕೆ ಕೊಯ್ದು ಮುಗಿಸಿದ ವೈದ್ಯರೇ ಸುರಕ್ಷಿತ ಅನ್ನೋ ಪರಿಸ್ಥಿತಿ ಬಂದಿದೆ.

ಈಗ ಉತ್ತರ ಕನ್ನಡದ ನಕ್ಷೆ ತೆಗೆಯಿರಿ. ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು ನೋಡಿ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, 1956ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ಜಿಲ್ಲಾ ಕೇಂದ್ರ ಕಾರವಾರ ಸಮುದ್ರದ ದಂಡೆಯಲ್ಲಿ. ಈ ನಾಲ್ಕು ತಾಲೂಕಿನವರು ಕಾರವಾರಕ್ಕೆ ಹೋಗಬೇಕು ಅಂದ್ರೆ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅಣಶಿ ಘಟ್ಟದ ರಸ್ತೆಯೇ ಬಂದ್. ಹಾಗಾಗಿ ಹೆರಿಗೆ ಕಷ್ಟ ಆದಾಗ ದಾಂಡೇಲಿ, ಹಳಿಯಾಳದ ಗಾಡಿ ಓಡೋದು ಧಾರವಾಡದ ಕಡೆ, ಮುಂಡಗೋಡದ್ದು ಹುಬ್ಬಳ್ಳಿಯ ಕಡೆ. ಜೋಯಿಡಾದ ರಾಮನಗರದಂಥ ಊರಿನವರಿಗೆ ಬೆಳಗಾವಿ ಹತ್ತಿರ. ಆಡಳಿತದ ಗಡಿ ಒಂದು, ಬಸುರಿಯ ದಾರಿ ಇನ್ನೊಂದು.

ದಾಂಡೇಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನಿಂದ ಬೆಳೆದ ಊರು. ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಇದೆ. ಹಳಿಯಾಳದಿಂದ ಬೇರೆಯಾಗಿ ತಾಲೂಕಾಗಿದ್ದು ಇತ್ತೀಚೆಗೆ. ಜೋಯಿಡಾಕ್ಕೆ ಮೊದಲು ಸೂಪಾ ತಾಲೂಕು ಅಂತ ಹೆಸರು. ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂದಾಗ ಹಳೇ ಸೂಪಾ ಪಟ್ಟಣ ಮುಳುಗಿತು, ಕೇಂದ್ರ ಜೋಯಿಡಾಕ್ಕೆ ಬಂತು, ಮುಳುಗಡೆಯಾದವರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಇಡೀ ರಾಜ್ಯಕ್ಕೆ ಕರೆಂಟ್ ಕೊಟ್ಟ ತಾಲೂಕಿನಲ್ಲಿ ಒಂದು ಚದರ ಕಿಲೋಮೀಟರ್‌ಗೆ 30 ಜನರೂ ಇಲ್ಲ. ಉಳಿದಿದ್ದೆಲ್ಲ ಕಾಡು, ಹುಲಿ ಮೀಸಲು ಪ್ರದೇಶ. ಕುಣಬಿಗಳು, ಸಿದ್ದಿಗಳು, ಗೌಳಿಗಳು ಇರುವ ಹಾಡಿ, ವಾಡೆಗಳು ಈ ನಾಲ್ಕು ತಾಲೂಕಿನ ಕಾಡಂಚಿನಲ್ಲಿ ಹರಡಿವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸಾಹತು ಇದೆ. ಕನ್ನಡ, ಕೊಂಕಣಿ, ಮರಾಠಿ, ಟಿಬೆಟನ್. ಬೇನೆ ಎಲ್ಲ ಭಾಷೆಯಲ್ಲೂ ಒಂದೇ.

ಈ ಊರುಗಳಲ್ಲಿ ತಲೆಮಾರುಗಟ್ಟಲೆ ಹೆರಿಗೆ ಮಾಡಿಸಿದ್ದು ಸೂಲಗಿತ್ತಿ. ಮರಾಠಿ ಮಾತಾಡೋರಿಗೆ ಸುಯೀಣ. ಆಕೆಯ ಕೈಯಲ್ಲಿ ಕತ್ತರಿ ಇರಲಿಲ್ಲ, ತಾಳ್ಮೆ ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಡೀ ರಾಜ್ಯ ಆ ತಾಳ್ಮೆಗೆ ಕೈಮುಗಿಯಿತು. ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಆ ಕಾಲದಲ್ಲಿ ಸತ್ತ ತಾಯಂದಿರ ಲೆಕ್ಕ ಯಾರೂ ಇಟ್ಟಿಲ್ಲ. ರಕ್ತ ಹೋಗತೊಡಗಿದರೆ ಸೂಲಗಿತ್ತಿಯ ಹತ್ತಿರ ರಕ್ತದ ಬಾಟಲಿ ಇರಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಹೆರಿಗೆ ಆಸ್ಪತ್ರೆಗೆ ಬಂತು. ಇವತ್ತು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಇದು ದೊಡ್ಡ ಗೆಲುವು. ‘ಹಿಂದಿನವರು ಮನೇಲೇ ಹೆರುತ್ತಿರಲಿಲ್ವಾ’ ಅಂತ ವಾಟ್ಸಾಪ್‌ನಲ್ಲಿ ಬರೆಯೋರು ಇದನ್ನು ಮರೆಯಬಾರದು. ಸಿಸೇರಿಯನ್ ಆದವರು ಮುಂದಿನ ಹೆರಿಗೆಯನ್ನು ಮನೆಯಲ್ಲಿ ಮಾಡಿಕೊಳ್ಳೋ ಮಾತೇ ಎತ್ತಬಾರದು. ಆ ಸಾವಿರಕ್ಕೆ ಏಳು ಅನ್ನೋ ಅಂಕಿ ಬಂದಿದ್ದು ಪಕ್ಕದಲ್ಲೇ ಆಪರೇಷನ್ ಥಿಯೇಟರ್ ಇದ್ದ ಆಸ್ಪತ್ರೆಗಳಿಂದ. ಅಲ್ಲಿ ಹೊಲಿಗೆ ಬಿಟ್ಟರೂ ತಾಯಿ ಉಳಿಯುತ್ತಾಳೆ. ಡಿಗ್ಗಿಯ ಕಾಡುದಾರಿಯಲ್ಲಿ ಬಿಟ್ಟರೆ?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಕಾಡಿನ ಹೆಣ್ಣುಮಗಳಿಗೆ ಮೊದಲ ಸಿಸೇರಿಯನ್ ಪೇಟೆಯವಳಿಗಿಂತ ದುಬಾರಿ. ಪೇಟೆಯಲ್ಲಿ ಎರಡನೇ ಹೆರಿಗೆಗೆ ಆಟೋದಲ್ಲಿ ಹೋಗಬಹುದು. ಕಾಡಿನವಳು ಮುಂದಿನ ಪ್ರತಿ ಬಸಿರಲ್ಲೂ ಹೊಲಿಗೆ ಹೊತ್ತುಕೊಂಡು, ಫೋನ್ ಸಿಗ್ನಲ್ ಇಲ್ಲದ ಊರಿನಿಂದ, ಹಳ್ಳ ದಾಟಿ, ಗಂಟೆಗಟ್ಟಲೆ ಪ್ರಯಾಣ ಮಾಡಬೇಕು. ನಾರ್ಮಲ್ ಹೆರಿಗೆಯಿಂದ ಅತಿ ಹೆಚ್ಚು ಲಾಭ ಆಗೋದು ಅವಳಿಗೆ. ಅದಕ್ಕೆ ಬೇಕಾದ ಸೌಲಭ್ಯ ಅತಿ ಕಡಿಮೆ ಇರೋದೂ ಅವಳಿಗೇ. ಹೊಲಿಗೆಯ ಭಯ ಅಂತ ನಾವು ಕರೆಯೋದು ನಿಜವಾಗಿ ದೂರದ ಭಯ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಸಿಗ್ತಾರಾ, ಎರಡು ಬಾಟಲಿ ರಕ್ತ ಸಿಗುತ್ತಾ ಅನ್ನೋ ಭಯ.

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತಾಗ ಇಡೀ ಜಿಲ್ಲೆ ಎದ್ದು ನಿಂತಿತು. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಕೂಗಿತು. ನ್ಯಾಯವಾದ ಕೂಗು. ಆದರೆ ಹೆರಿಗೆಗೆ ಬೇಕಾಗಿರೋದು ನೂರು ಕಿಲೋಮೀಟರ್ ಆಚೆಯ ಹತ್ತು ಮಹಡಿ ಕಟ್ಟಡ ಅಲ್ಲ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನಡೆಯೋ ಒಂದು ಥಿಯೇಟರ್. ಕೇಂದ್ರ ಸರ್ಕಾರದ ಮಾನದಂಡದಲ್ಲೇ ಮೊದಲ ಹಂತದ ರೆಫರಲ್ ಆಸ್ಪತ್ರೆಗೆ ಮೂರು ಕಡ್ಡಾಯ ಅಂಶ ಇವೆ: ತುರ್ತು ಸಿಸೇರಿಯನ್, ನವಜಾತ ಶಿಶು ಆರೈಕೆ, ರಕ್ತ ಸಂಗ್ರಹ ಘಟಕ. ಅರಿವಳಿಕೆ ತಜ್ಞರು ಸಿಗಲ್ಲ ಅನ್ನೋದು ಹಳೇ ದೂರು. ಅದಕ್ಕೇ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ತರಬೇತಿ ಕೊಡೋ ಯೋಜನೆ ರೂಪಿಸಿದರು, ಮೊದಲಿಗೆ 18 ವಾರಗಳದ್ದು. ಯೋಜನೆ ಕಾಗದದ ಮೇಲಿದೆ. ನಾಲ್ಕು ತಾಲೂಕಿನಲ್ಲಿ ಎಷ್ಟು ರಾತ್ರಿ ಅದು ಕೆಲಸ ಮಾಡುತ್ತೆ? ಶಾಸಕರನ್ನು, ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೇಳಬೇಕಾದ ಪ್ರಶ್ನೆ ಇದು.

ದೂರದ ಸಮಸ್ಯೆಗೆ ಇತಿಹಾಸದಲ್ಲಿ ಒಂದು ಸೊಗಸಾದ ಉತ್ತರ ಇದೆ. ಕ್ರೇಗಿನ್ ಇದ್ದ ಅದೇ ಸ್ಲೋನ್ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಅನ್ನೋ ಯುವ ವೈದ್ಯ ಹೆರಿಗೆ ಹೇಗೆ ಮುಂದುವರಿಯುತ್ತೆ ಅಂತ ಗ್ರಾಫ್ ಹಾಕಿದ. ಅಮೆರಿಕದಲ್ಲಿ ಅದು ಗಡಿಯಾರ ನೋಡಿ ಅವಸರ ಮಾಡೋ ಸಾಧನವಾಯಿತು. ಅದೇ ಗ್ರಾಫನ್ನು 1972ರಲ್ಲಿ ಆಫ್ರಿಕಾದ ರೊಡೇಷಿಯಾದಲ್ಲಿ, ಇವತ್ತಿನ ಜಿಂಬಾಬ್ವೆಯಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ ಅನ್ನೋ ಇಬ್ಬರು ವೈದ್ಯರು ಬೇರೆ ಕೆಲಸಕ್ಕೆ ಬಳಸಿದರು. ಅವರ ಕಷ್ಟ ನಮ್ಮ ಜೋಯಿಡಾದ್ದೇ: ಹಳ್ಳಿಯ ಕ್ಲಿನಿಕ್‌ನಲ್ಲಿ ದಾದಿ ಒಬ್ಬಳೇ, ದೊಡ್ಡ ಆಸ್ಪತ್ರೆ ದೂರ. ಅವರು ಕಾಗದದ ಮೇಲೆ ಎರಡು ಗೆರೆ ಎಳೆದರು. ಮೊದಲನೆಯದು ಎಚ್ಚರಿಕೆ ಗೆರೆ. ಹೆರಿಗೆ ಅದನ್ನು ದಾಟಿದರೆ ದಾದಿ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ನಾಲ್ಕು ಗಂಟೆ ಆಚೆ ಎರಡನೆಯದು, ಕ್ರಮದ ಗೆರೆ. ಅಷ್ಟರೊಳಗೆ ಅವಳು ಥಿಯೇಟರ್ ಇರುವ ಜಾಗದಲ್ಲಿರಬೇಕು. ಪ್ರಯಾಣದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಗ್ರಾಫ್ ಅದು! ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾದಲ್ಲಿ 35 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇಂಥ ಗ್ರಾಫನ್ನು ಪರೀಕ್ಷಿಸಿ 1994ರಲ್ಲಿ ವರದಿ ಕೊಟ್ಟಿತು. ಎಳೆದಾಡೋ ಹೆರಿಗೆಗಳು ಕಡಿಮೆಯಾಗಿದ್ದವು.

ಈ ಸಾಲಿನ ಹೊಸ ಕೊಂಡಿ ನಮ್ಮ ಹಳಿಯಾಳದ ನೆರೆಯಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಹೆರಿಗೆ ಆರೈಕೆ ಮಾರ್ಗದರ್ಶಿ ತಂದಿತು. ಬೇನೆ ಜೋರಾಗೋ ಹಂತವನ್ನು 5 ಸೆಂಟಿಮೀಟರ್‌ನಿಂದ ಲೆಕ್ಕ ಹಾಕಿ, ಅವಸರ ಬೇಡ ಅನ್ನುತ್ತೆ. ಜೊತೆಗೆ ಒಬ್ಬರು ಇದ್ದಾರಾ, ಕುಡಿಯಲು ಏನಾದರೂ ಕೊಟ್ಟಿದ್ದೀರಾ ಅಂತಲೂ ಬರೆದುಕೊಳ್ಳಬೇಕು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಸೇರಿ ದೇಶದ ನಾಲ್ಕು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು, ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಚೊಚ್ಚಲ ಬಸುರಿಯರಲ್ಲಿ, ತಾನಾಗಿ ಬೇನೆ ಬಂದವರಲ್ಲಿ ಸಿಸೇರಿಯನ್ ನೂರಕ್ಕೆ 45.2ರಿಂದ 39.7ಕ್ಕೆ ಇಳಿದಿತ್ತು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಖಚಿತ ತೀರ್ಪು ಅಲ್ಲ, ದಿಕ್ಕು ಮಾತ್ರ. ಆದರೂ ದಿಕ್ಕು ಕ್ರೇಗಿನ್ ತೋರಿಸಿದ ಕಡೆಗೇ ಇದೆ: ಮೊದಲನೆಯದನ್ನು ತಡೆಯಿರಿ.

ಹಾಗಾದ್ರೆ ಈಗಾಗಲೇ ಒಂದು ಸಿಸೇರಿಯನ್ ಆದವರು ಏನು ಮಾಡಬೇಕು? ಡಿಸ್ಚಾರ್ಜ್ ಕಾರ್ಡನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡಿ. ಹೊಟ್ಟೆಯ ಮೇಲಿನ ಗೆರೆ ಅಡ್ಡ ಇದೆ ಅಂದ ಮಾತ್ರಕ್ಕೆ ಒಳಗಿನ ಹೊಲಿಗೆಯೂ ಅಡ್ಡ ಅಂತ ಅರ್ಥ ಅಲ್ಲ, ಅದು ಗೊತ್ತಾಗೋದು ಕಾಗದದಿಂದ ಮಾತ್ರ. ಯಾಕೆ ಕೊಯ್ದರು ಅಂತ ಕೇಳಿ ಬರೆಸಿಕೊಳ್ಳಿ. ಮಗು ಅಡ್ಡ ತಿರುಗಿತ್ತು ಅಂತಾದರೆ ಆ ಕಾರಣ ಮುಂದಿನ ಸಲ ಇರದೇ ಇರಬಹುದು. ಎರಡು ಬಸಿರಿನ ಮಧ್ಯೆ ಅಂತರ ಇಡಿ, ಬೇಗ ಬೇಗ ಆದರೆ ಹೊಲಿಗೆ ಬಿಡೋ ಅಪಾಯ ಜಾಸ್ತಿ. ಒಂದು ನಾರ್ಮಲ್ ಹೆರಿಗೆ ಮೊದಲೇ ಆಗಿದ್ದರೆ ಅವಕಾಶ ಇನ್ನೂ ಒಳ್ಳೆಯದು. ಆಮೇಲೆ ವೈದ್ಯರ ಮುಂದೆ ಕೂತು ಎರಡು ಪ್ರಶ್ನೆ ಕೇಳಿ: ನನಗೆ ನಾರ್ಮಲ್ ಆಗಬಹುದಾ? ಇಲ್ಲಿ ಆಗಬಹುದಾ? ಎರಡೂ ಬೇರೆ ಬೇರೆ ಪ್ರಶ್ನೆ. ಎರಡನೆಯದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೆ ವೈದ್ಯರ ಮೇಲೆ ಸಿಟ್ಟಾಗಬೇಡಿ, ಅವರು ಪ್ರಾಮಾಣಿಕರು. ಮೊದಲನೆಯದನ್ನೇ ಕೇಳಿಸಿಕೊಳ್ಳದೆ ತಾರೀಖು ಕೊಟ್ಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಆಪರೇಷನ್ನೇ ಬೇಕು ಅಂತ ತಿಳಿದು ತೀರ್ಮಾನಿಸಿದರೆ ಅದೂ ತಪ್ಪಲ್ಲ, ಆ ತಾಯಿ ಯಾರಿಗೂ ಕಮ್ಮಿ ತಾಯಿ ಅಲ್ಲ.

ಸರ್ಕಾರದ ಪಾಲಿನ ಕೆಲಸವೂ ಕಷ್ಟದ್ದಲ್ಲ. ಒಡಿಶಾ ಸರ್ಕಾರ ದುರ್ಗಮ ಪ್ರದೇಶಗಳಲ್ಲಿ ‘ಮಾ ಗೃಹ’ ಕಟ್ಟಿತು. ದಿನ ಹತ್ತಿರ ಬಂದ ಬಸುರಿ ಬೇನೆ ಬರುವ ಮೊದಲೇ ಬಂದು ಆಸ್ಪತ್ರೆ ಪಕ್ಕ ಉಳಿಯುವ ಮನೆ ಅದು. ದಾಂಡೇಲಿ, ಹಳಿಯಾಳದಲ್ಲಿ ಅಂಥ ಒಂದೊಂದು ಮನೆ ಇದ್ದರೆ ಜೋಯಿಡಾದ ಹೆಣ್ಣುಮಗಳ ಅರ್ಧ ದಾರಿ ಮೊದಲೇ ಮುಗಿದಿರುತ್ತೆ. ಜೊತೆಗೆ ಸೂಲಗಿತ್ತಿಯ ತಾಳ್ಮೆಯನ್ನು ತರಬೇತಿ ಪಡೆದ ಕೈಗಳಿಗೆ ಕೊಡಬೇಕು. ಕೇಂದ್ರ ಸರ್ಕಾರ 2018ರಲ್ಲೇ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ಕೊಟ್ಟಿದೆ, ನರ್ಸ್‌ಗಳಿಗೆ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆ ಅವರಿಗೆ ವಹಿಸೋದು ಅದರ ಉದ್ದೇಶ. ಬೇನೆಯಲ್ಲಿರುವವಳ ಪಕ್ಕ ರಾತ್ರಿ ಪೂರ್ತಿ ಕೂರೋಕೆ ಒಬ್ಬರು ಬೇಕು. ಬಾಗಿಲಾಚೆ ಕರೆದ ಕೂಡಲೇ ಬರೋಕೆ ಒಬ್ಬ ಸರ್ಜನ್, ಒಬ್ಬ ಅರಿವಳಿಕೆ ವೈದ್ಯರು ಬೇಕು. ಒಂದಿಲ್ಲದೆ ಇನ್ನೊಂದು ನಿಲ್ಲಲ್ಲ.

ಕ್ರೇಗಿನ್ ಆ ಮಾತು ಹೇಳಿ ನೂರು ವರ್ಷ ದಾಟಿತು. ಅವನ ಕಾಲದ ಕೊಯ್ತ ಈಗ ಅಪರೂಪ, ರಿಕೆಟ್ಸ್ ಕೂಡ ಅಪರೂಪ. ಹೊಲಿಗೆಗೆ ಏನಾಗಬೇಕಿತ್ತೋ ಅದನ್ನು ಮುನ್ರೋ ಕೆರ್ ಮಾಡಿ ಮುಗಿಸಿದ್ದಾನೆ. ಬಾಕಿ ಇರೋದು ಜೋಯಿಡಾದಿಂದ ಥಿಯೇಟರ್‌ವರೆಗಿನ ದಾರಿ. ಆ ದಾರಿ ಗರ್ಭಕೋಶದಲ್ಲಿಲ್ಲ, ಬಜೆಟ್‌ನಲ್ಲಿದೆ. ಮುಂದಿನ ಸಲ ವೋಟು ಕೇಳಲು ಬಂದವರ ಹತ್ತಿರ ಕೇಳಿ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಯಾರಿರ್ತಾರೆ?